ಗಿರಣಿಯ ಎಂಜಿನ್ನಿಗೆ ಹಾಕಿದ ತೆಳು ಎಣ್ಣೆ

ಡಬ್ಬಿಯ ಮೇಲೆ ನಲವತ್ತು ಎಂದು ಬರೆದ ಎಂಜಿನ್ ಎಣ್ಣೆ ಎಂಥದು ಎಂಬುದು ಮೊದಲು ಗೊತ್ತಾದದ್ದು ನನ್ನ ಬಲಭುಜಕ್ಕೆ. ತಲೆಗೆ ಹತ್ತಿದ್ದು ಬಹಳ ತಡವಾಗಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ಬಸವಕಲ್ಯಾಣದ ಅಂಚಿನಲ್ಲಿ, ಮುಡಬಿಯ ಕಡೆ ಹೋಗುವ ರಸ್ತೆಯ ಮೇಲೆ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ಮುಂದೆ ಗಿರಣಿ, ಹಿಂದೆ ಒಂದು ಕೋಣೆಯ ಮನೆ, ನಡುವೆ ಒಂದು ಗೋಣಿಚೀಲದ ಪರದೆ. ಆ ಪರದೆಯಿಂದ ಏನೂ ನಿಲ್ಲುತ್ತಿರಲಿಲ್ಲ. ಹಿಟ್ಟಿನ ಧೂಳು ಹಾಸಿಗೆಯ ಮೇಲೂ ಕೂರುತ್ತಿತ್ತು, ಮಗಳ ರೆಪ್ಪೆಯ ಮೇಲೂ ಕೂರುತ್ತಿತ್ತು. ಕರೆಂಟನ್ನು ನಂಬಿ ಗಿರಣಿ ನಡೆಸುವ ಹಾಗಿರಲಿಲ್ಲ. ಬಂದರೆ ಬಂತು, ಹೋದರೆ ಹೋಯಿತು. ಅದಕ್ಕೇ ನನ್ನ ಯಜಮಾನರು ನಮ್ಮ ಮದುವೆಗೆ ಮುಂಚೆಯೇ ಒಂದು ಹಳೆಯ ಡೀಸೆಲ್ ಎಂಜಿನ್ ತಂದು ಕೂರಿಸಿದ್ದರು. ಒಂದೇ ಸಿಲಿಂಡರಿನದು. ಎರಡು ಬದಿಗೂ ನನ್ನ ಎದೆಯೆತ್ತರದ ಕಬ್ಬಿಣದ ಚಕ್ರ. ಒಂದು ಚಕ್ರದಿಂದ ಬೆಲ್ಟು ಗಿರಣಿಯ ಕಲ್ಲಿಗೆ ಹೋಗುತ್ತಿತ್ತು.

ಅದನ್ನು ಚಾಲೂ ಮಾಡುವುದು ಹೀಗೆ: ಎಂಜಿನ್ನಿನ ನೆತ್ತಿಯ ಮೇಲಿನ ಸಣ್ಣ ಕೀಲನ್ನು ಎತ್ತಬೇಕು, ಆಗ ಒಳಗಿನ ಗಾಳಿ ಒತ್ತಡವಿಲ್ಲದೆ ಹೊರಗೆ ಹೋಗುತ್ತದೆ. ಹ್ಯಾಂಡಲ್ ಸಿಕ್ಕಿಸಿ ಚಕ್ರ ತಿರುಗಿಸಬೇಕು. ಚಕ್ರಕ್ಕೆ ಸರಿಯಾದ ಓಟ ಬಂದ ಕ್ಷಣದಲ್ಲಿ ಕೀಲು ಕೆಳಗೆ ಬಿಡಬೇಕು. ಓಟ ಸಾಕಾಗಿದ್ದರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಸಾಲದಿದ್ದರೆ ಚಕ್ರ ಹಿಂದಕ್ಕೆ ಒದೆಯುತ್ತದೆ, ಹ್ಯಾಂಡಲಿನ ಸಮೇತ.

ನಮ್ಮ ಸೀಮೆಯ ಬಿಸಿಲಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಥಂಡಿಯ ಬಗ್ಗೆ ಯಾರೂ ಹೇಳುವುದಿಲ್ಲ. ಪುಷ್ಯದಲ್ಲಿ ಕೊಬ್ಬರಿ ಎಣ್ಣೆ ಶೀಶೆಯೊಳಗೆ ಕಲ್ಲಾಗುತ್ತದೆ. ಮುಂಜಾನೆ ಬಂಡಿಯ ನೊಗ ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಅಂಥದೊಂದು ಮುಂಜಾನೆ ಐದಾರು ಹೆಂಗಸರು ಜೋಳದ ಪುಟ್ಟಿ ಇಟ್ಟುಕೊಂಡು, ತಲೆಯ ಮೇಲೆ ಚಾದರ ಹೊದ್ದು ಗಿರಣಿಯ ಮುಂದೆ ಕೂತಿದ್ದರು. ಯಜಮಾನರು ಹ್ಯಾಂಡಲ್ ತಿರುಗಿಸುತ್ತಿದ್ದರು. ಚಕ್ರ ಕೆಸರಿನಲ್ಲಿ ಸಿಕ್ಕ ಗಾಲಿಯ ಹಾಗೆ ತೆವಳುತ್ತಿತ್ತು. ದಣಿದು, ಸಿಟ್ಟು ಬಂದು, ಓಟ ಬರುವ ಮೊದಲೇ ಕೀಲು ಬಿಟ್ಟರು. ಹ್ಯಾಂಡಲ್ ಹಿಂದಕ್ಕೆ ಹೊಡೆಯಿತು. ಬಲಗೈ ಮಣಿಕಟ್ಟು ಮುರಿದ ಸದ್ದು ನನಗೆ ಒಲೆಯ ಮುಂದೆಯೇ ಕೇಳಿಸಿತು.

ಕೈಗೆ ಸಿಮೆಂಟಿನ ಪಟ್ಟಿ ಹಾಕಿದರು. ಮೂಳೆ ಕೂಡಿತು. ಮೊದಲಿನ ಬಲ ಮಾತ್ರ ಬರಲಿಲ್ಲ. ಚೊಂಬು ಎತ್ತಬಹುದಿತ್ತು, ಹ್ಯಾಂಡಲ್ ತಿರುಗಿಸುವಂತಿರಲಿಲ್ಲ.

ಅಪಘಾತವಾದ ಮೂರನೆಯ ದಿನ ನಾನೇ ಹ್ಯಾಂಡಲ್ ಹಿಡಿದೆ.

"ನಿನ್ನ ಕೈಲೆ ಆಗೂದಿಲ್ಲ," ಎಂದರು ಅವರು.

"ಮತ್ಯಾರ ಮಾಡ್ತಾರ? ಮಂದಿ ಬಾಗಲದಾಗ ಕುಂತಾರ," ಎಂದೆ.

ಮೊದಲ ದಿನ ಅರ್ಧ ತಾಸು ಹಿಡಿಯಿತು. ಒಂದು ಕೈಯಲ್ಲಿ ತಿರುಗಿಸಬೇಕು, ಇನ್ನೊಂದು ಕೈ ಕೀಲಿನ ಮೇಲೆ ಇರಬೇಕು. ಕೂತಿದ್ದ ಹೆಂಗಸರಲ್ಲಿ ಒಬ್ಬಾಕೆ ಬಂದು ಚಕ್ರದ ಕಬ್ಬಿಣದ ಕಡ್ಡಿಗಳನ್ನು ಹಿಡಿದು ಎಳೆದು ಕೊಟ್ಟಳು. ಎಂಜಿನ್ ಹೊತ್ತಿಕೊಂಡಾಗ ನನ್ನ ಕಣ್ಣು ಕತ್ತಲಿಟ್ಟಿತು. ಆ ದಿನ ರೊಟ್ಟಿ ತಟ್ಟಲು ಕೈ ಏಳಲಿಲ್ಲ.

ದಿನಕ್ಕೆರಡು ಸಲ, ಕೆಲವೊಮ್ಮೆ ಮೂರು ಸಲ. ಮಧ್ಯಾಹ್ನ ಅಷ್ಟು ಕಷ್ಟವಿರಲಿಲ್ಲ. ಎಂಜಿನ್ ಬಿಸಿಯಾಗಿದ್ದರೆ ಚಕ್ರ ತಾನಾಗಿ ಓಡುತ್ತಿತ್ತು. ಮುಂಜಾನೆಯದೇ ಸಾವು. ಏಕೆ ಎಂದು ಕೇಳಿಕೊಳ್ಳುವಷ್ಟು ಪುರುಸೊತ್ತೂ ನನಗಿರಲಿಲ್ಲ. ನಾನು ಮೆತ್ತಗಿದ್ದೇನೆ, ಅದಕ್ಕೇ ಹೀಗೆ ಎಂದು ತಿಳಿದಿದ್ದೆ.

ಸಂಕ್ರಾಂತಿಗೆ ತವರು ಘಾಟಬೋರಾಳಕ್ಕೆ ಹೋಗಿ ಬರುವಾಗ ಹುಮನಾಬಾದಿನಲ್ಲಿ ಬಸ್ಸು ಬದಲಿಸಬೇಕಿತ್ತು. ಎಂಜಿನ್ ಎಣ್ಣೆ ತರಲು ಯಜಮಾನರು ಹೇಳಿದ್ದರು. ನಿಲ್ದಾಣದಿಂದ ಸ್ವಲ್ಪ ದೂರ, ಹೆದ್ದಾರಿಯ ಬದಿಗೆ, ಲಾರಿಗಳು ನಿಲ್ಲುವ ಕಡೆ ಒಂದು ಎಣ್ಣೆ ಅಂಗಡಿ. ನಡೆಸುತ್ತಿದ್ದವರು ಬಿಳಿ ಗಡ್ಡದ ಒಬ್ಬ ಮುದುಕರು. ಕನ್ನಡಕದ ಒಂದು ಕಡ್ಡಿ ಮುರಿದು, ಅದರ ಬದಲು ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದರು.

"ನಲವತ್ತು ನಂಬರಿನ ಎಣ್ಣಿ ಕೊಡ್ರಿ. ಗಿರಣಿ ಎಂಜಿನ್ನಿಗಿ," ಎಂದೆ.

"ಎಂಜಿನ್ ಯಾರ ತಿರಗಸ್ತಾರವ್ವಾ?"

"ನಾನೇ ರೀ."

ಮುದುಕರು ಡಬ್ಬಿಗೆ ಚಾಚಿದ್ದ ಕೈಯನ್ನು ಹಿಂದೆ ತೆಗೆದರು. ನನ್ನ ಭುಜದ ಕಡೆ ನೋಡಿದರು. ನಾನು ಎಡಗೈಯಲ್ಲಿ ಬಲಭುಜ ಹಿಡಿದುಕೊಂಡೇ ನಿಂತಿದ್ದೆ ಎಂಬುದು ಆಗ ನನಗೂ ಗೊತ್ತಾಯಿತು.

"ಮುಂಜಾನಿ ಜಡಾ ಆಗ್ತದೇನು?"

"ಬಂಡಿ ಎಳದಂಗ ಆಗ್ತದ್ರಿ."

"ಕುಂದ್ರು," ಎಂದರು.

ಔಷಧಿಯ ಎರಡು ಖಾಲಿ ಶೀಶೆ ತೆಗೆದು, ಬೇರೆ ಬೇರೆ ಡಬ್ಬಿಯ ಎಣ್ಣೆಯನ್ನು ಒಂದೊಂದರಲ್ಲಿ ಅರ್ಧ ಹಾಕಿದರು. ಎರಡನ್ನೂ ಕುಡಿಯುವ ನೀರಿನ ಮಣ್ಣಿನ ಗಡಿಗೆಯ ಪಕ್ಕ, ಒದ್ದೆ ಮರಳಿನಲ್ಲಿ ಹುಗಿದಿಟ್ಟರು. ಅಷ್ಟರಲ್ಲಿ ಇಬ್ಬರು ಲಾರಿಯವರಿಗೆ ಎಣ್ಣೆ ಕೊಟ್ಟು ಕಳಿಸಿದರು. ಆಮೇಲೆ ಶೀಶೆಗಳನ್ನು ತೆಗೆದು ನನ್ನ ಮುಂದೆ ವಾರೆ ಮಾಡಿ ಹಿಡಿದರು. ಒಂದರ ಎಣ್ಣೆ ಸರಕ್ಕನೆ ಕೊರಳಿಗೆ ಬಂತು. ಇನ್ನೊಂದರದು ನಿದ್ದೆಯಿಂದ ಎದ್ದವರಂತೆ ತಡೆದು ತಡೆದು ಬಂತು.

"ಜಲ್ದಿ ಬಂದದ್ದು ಇಪ್ಪತ್ತು. ತಡಾ ಮಾಡಿದ್ದು ನಲವತ್ತು. ಮಂದಿ ಅಂಕಿ ಅಂದ್ರ ತಾಕತ್ತು ಅಂತಾರ. ತಾಕತ್ತಲ್ಲವ್ವಾ, ಗಾಢಾ ಎಷ್ಟದ ಅನ್ನೂ ಲೆಕ್ಕ ಅದು. ಎಣ್ಣಿ ಕಾಯಿಸಿ ಸಣ್ಣ ತೂತಿನಾಗಿಂದ ಇಳಿಸ್ತಾರ. ಇಳಿಯಾಕ ಹೊತ್ತು ಹಿಡದ್ರ ದೊಡ್ಡ ಅಂಕಿ, ಜಲ್ದಿ ಇಳದ್ರ ಸಣ್ಣ ಅಂಕಿ. ಅಷ್ಟೇ."

"ಹಂಗಾರ ಸಣ್ಣ ಅಂಕಿದೇ ಹಾಕಬೇಕಲ್ರಿ?"

"ಥಂಡ್ಯಾಗ ಹಾಕು. ನಿನ್ನ ಎಂಜಿನ್ ಮುಂಜಾನಿ ತಿರಗವಲ್ದು ಯಾಕಂದ್ರ ಎಣ್ಣಿ ಒಳಗ ಅಂಟಿನಂಗ ಕುಂತಿರ್ತದ. ಇಪ್ಪತ್ತು ಹಾಕಿದ್ರ ಹಗುರಾಗ್ತದ. ಆದ್ರ ಕೇಳು, ಬಿಸಲಿಗಿ ಎಲ್ಲಾ ಎಣ್ಣಿ ತೆಳ್ಳಗಾಗ್ತದ. ಇಪ್ಪತ್ತು ಅಂತೂ ನೀರಾಗ್ತದ. ಕಬ್ಬಿಣಕ್ಕ ಕಬ್ಬಿಣ ತಿಕ್ಕಲಾರದಂಗ ನಡುವ ನಿಂದ್ರಬೇಕಲ್ಲ, ಆಗ ನಿಂದ್ರೂದಿಲ್ಲ ಅದು. ಹೋಳಿ ಆದ ಕೂಡ್ಲೆ ತಗದು ನಲವತ್ತು ಹಾಕು. ಮರೀಬ್ಯಾಡ."

ನಾನು ಎರಡೂ ಡಬ್ಬಿ ತಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಅವನ್ನು ಕಾಲ ನಡುವೆ ಇಟ್ಟುಕೊಂಡು ಯೋಚಿಸಿದೆ. ಯಜಮಾನರಿಗೆ ತೆಳು ಎಣ್ಣೆ ಎಂದರೆ ಕಲಬೆರಕೆ ಎಣ್ಣೆ. ದಪ್ಪಗಿದ್ದಷ್ಟೂ ಎಂಜಿನ್ನಿಗೆ ಬಲ ಎಂದು ಅವರು ನಂಬಿದ್ದರು. ನಮ್ಮ ಓಣಿಯಲ್ಲಿ ಲಾರಿ ಇಟ್ಟವರೂ ಹಾಗೇ ನಂಬಿದ್ದರು. ನಾನು ಹೇಳಿದರೆ ವಾದ ಆಗುತ್ತದೆ. ವಾದ ಮಾಡುವ ತ್ರಾಣ ನನ್ನಲ್ಲಿರಲಿಲ್ಲ. ಅವರು ರಾಜೇಶ್ವರಕ್ಕೆ ಸಂಬಂಧಿಕರ ಮನೆಗೆ ಹೋದ ದಿನ ಗಿರಣಿ ಬಂದ್ ಇಟ್ಟು, ಕೆಳಗಿನ ತಿರುಪು ಬಿಚ್ಚಿ, ಕಪ್ಪಗಾದ ಹಳೆಯ ಎಣ್ಣೆ ಬಸಿದು, ಇಪ್ಪತ್ತರದ್ದು ಹಾಕಿದೆ.

ಮರುದಿನ ಮುಂಜಾನೆ ಎಂಟು ಸುತ್ತು ತಿರುಗಿಸುವಷ್ಟರಲ್ಲಿ ಎಂಜಿನ್ ಹೊತ್ತಿಕೊಂಡಿತು. ಯಜಮಾನರು ಹಾಸಿಗೆಯಿಂದ ಎದ್ದು ಬಂದು ಪರದೆ ಸರಿಸಿ ನೋಡಿದರು.

"ನಿನ್ನ ಕೈ ಪಳಗ್ಯಾವು," ಎಂದರು.

ನಾನು ಹೂಂ ಎಂದೆ. ಅವರ ಮುಖದಲ್ಲಿ ಅಷ್ಟು ದಿನದ ಮೇಲೆ ಒಂದು ಸಮಾಧಾನ ಇತ್ತು. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಸುಳ್ಳು ಸುಲಭವಾಗಿತ್ತು.

ಹೋಳಿ ಬಂತು, ಹೋಯಿತು. ಓಣಿಯ ಹುಡುಗರು ಬಡಿದ ಹಲಗೆಯ ಸದ್ದು ನಿಂತು ವಾರ ಕಳೆಯಿತು. ನಲವತ್ತರ ಡಬ್ಬಿ ಗಿರಣಿಯ ಮೂಲೆಯಲ್ಲಿ ಹಿಟ್ಟಿನ ಧೂಳು ಹೊದ್ದು ಕೂತಿತ್ತು. ನನಗೆ ಅದು ದಿನಾ ಕಾಣುತ್ತಿತ್ತು. ಬಿಸಿಲಿನಲ್ಲಿ ನಲವತ್ತರ ಎಣ್ಣೆಯೂ ಹಗುರಾಗಿಯೇ ತಿರುಗುತ್ತದೆ ಎಂಬುದನ್ನು, ಮುದುಕರ ಮಾತಿನ ಮೇಲೆ, ತಲೆ ಒಪ್ಪಿತ್ತು. ಭುಜ ಒಪ್ಪಿರಲಿಲ್ಲ. ಆ ಡಬ್ಬಿ ನೋಡಿದರೆ ಸಾಕು, ಪುಷ್ಯದ ಮುಂಜಾನೆಗಳು ನೆನಪಾಗುತ್ತಿದ್ದವು. ಎಣ್ಣೆ ಬದಲಿಸಬೇಕಾದರೆ ಗಿರಣಿ ನಿಲ್ಲಿಸಬೇಕು. ನೆಲದ ಮೇಲೆ ಮಲಗಿ ತಿರುಪು ಬಿಚ್ಚಬೇಕು. ಯಜಮಾನರು ಮನೆಯಲ್ಲಿ ಇಲ್ಲದ ದಿನ ಬೇಕು. ಬರುವ ವಾರ ಮಾಡೋಣ ಎನ್ನುತ್ತಿದ್ದೆ. ಮದುವೆಯ ಕಾಲ ಶುರುವಾಯಿತು. ಗೋಧಿ, ಕಡಲೆಬೇಳೆ ಚೀಲಗಟ್ಟಲೆ ಬರತೊಡಗಿತು. ಎಂಜಿನ್ ತಣಿಸಲು ನೀರು ಹಾಯಿಸುವ ಡ್ರಮ್ಮಿನಲ್ಲಿ ಕೈ ಇಡಲಾಗದಷ್ಟು ನೀರು ಕಾಯುತ್ತಿತ್ತು.

ಒಂದು ಮಧ್ಯಾಹ್ನ ಮದುವೆ ಮನೆಯವರ ಕಡಲೆಬೇಳೆ ಬೀಸುತ್ತಿದ್ದಾಗ ಎಂಜಿನ್ನಿನ ಸದ್ದು ಬದಲಾಯಿತು. ದಿನಾ ಕೇಳುವ ಕುಕ್ ಕುಕ್ ಸದ್ದಿನ ಕೆಳಗೆ ಇನ್ನೊಂದು ಸದ್ದು, ಕದ ತಟ್ಟಿದ ಹಾಗೆ. ನನಗೆ ತಕ್ಷಣ ಗೊತ್ತಾಯಿತು. ಓಡಿ ಹೋಗಿ ಡೀಸೆಲ್ ಬಂದ್ ಮಾಡುವಷ್ಟರಲ್ಲಿ ಆ ಸದ್ದು ಸುತ್ತಿಗೆಯ ಹೊಡೆತದಂತಾಗಿ, ಚಕ್ರ ಒಮ್ಮೆ ನಡುಗಿ ನಿಂತುಬಿಟ್ಟಿತು. ಕಲ್ಲು ಮಾತ್ರ ಒಂದೆರಡು ಸುತ್ತು ತಾನೇ ತಿರುಗಿತು. ಆಮೇಲೆ ಅದೂ ನಿಂತಿತು.

ಹುಮನಾಬಾದಿನಿಂದ ಮಿಸ್ತ್ರಿ ಬಂದ. ಬದಿಯ ಮುಚ್ಚಳ ಬಿಚ್ಚಿ ಒಳಗೆ ಕೈ ಹಾಕಿದ. ಹೊರಗೆ ತೆಗೆದಾಗ ಬೆರಳಿಗೆ ಹತ್ತಿದ ಎಣ್ಣೆಯಲ್ಲಿ ಬೇರಿಂಗಿನ ಬಿಳಿ ಚೂರುಗಳು ಮಿನುಗುತ್ತಿದ್ದವು. ಎಣ್ಣೆಯನ್ನು ಹೆಬ್ಬೆಟ್ಟಿನಿಂದ ತಿಕ್ಕಿ ನೋಡಿದ.

"ಈ ಬಿಸಲಾಗ ಇಷ್ಟು ಪತಲಾ ಎಣ್ಣಿ ಯಾರ ಹಾಕ್ಯಾರ್ರಿ?"

"ನಾವು ನಲವತ್ತೇ ಹಾಕೂದು," ಎಂದರು ಯಜಮಾನರು.

"ಇದು ನಲವತ್ತಲ್ರಿ."

ಯಜಮಾನರು ಮೂಲೆಯ ಡಬ್ಬಿಯನ್ನು ನೋಡಿದರು. ಅದರ ಬಾಯಿ ಒಡೆದೇ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದರು.

"ನಾ ಹಾಕೀನ್ರಿ," ಎಂದೆ ಮಿಸ್ತ್ರಿಗೆ. "ಇಪ್ಪತ್ತು. ಥಂಡ್ಯಾಗ ಹಾಕಿದ್ದೆ. ಹೋಳಿಗಿ ತಗೀಬೇಕಿತ್ತು, ತಗೀಲಿಲ್ಲ."

ಎರಡೂ ಚಕ್ರ ಕೂತಿದ್ದ ಒಳಗಿನ ಭಾರದ ದಂಡವನ್ನು ಮಿಸ್ತ್ರಿಯಿಂದ ಬಿಚ್ಚಿಸಿ, ಯಜಮಾನರು ಗೋಣಿಯಲ್ಲಿ ಸುತ್ತಿ, ಮರುದಿನ ಬಸ್ಸಿನ ಮೇಲೆ ಹಾಕಿಕೊಂಡು ಲೇಥಿನ ಮೇಲೆ ಕಡೆಸಿ ಸರಿಮಾಡಿಸಲು ಹುಮನಾಬಾದಿಗೆ ಒಯ್ದರು. ಸೋತ ಕೈಯಿಂದಲೇ ಅದನ್ನು ಹೇಗೆ ಮೇಲೇರಿಸಿದರೋ. ಸಂಜೆ ಬಂದು ಕೈಕಾಲು ತೊಳೆದು ಕೂತ ಮೇಲೆ ಕೇಳಿದರು:

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಬ್ಯಾಡ ಅಂತಿದ್ರಿ."

"ಹೌದು. ಅಂತಿದ್ದೆ." ಎಡಗೈಯಿಂದ ತಮ್ಮ ಬಲ ಮಣಿಕಟ್ಟು ತಿಕ್ಕಿಕೊಂಡರು. "ಕೈ ಅಷ್ಟು ನೋಯ್ತಿತ್ತೇನು?"

"ಹೂಂ."

"ಅದನ್ನರ ಹೇಳಬೇಕಿತ್ತು."

ಅವರು ಕೂಗಾಡಿದ್ದರೆ ನನಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ. ನಾನೂ ಎರಡು ಮಾತು ಅಂದು ಹಗುರಾಗುತ್ತಿದ್ದೆ. ಹೀಗಾಗಿ ಅಳುವುದಕ್ಕೂ ಆಗದೆ ಮಗಳಿಗೆ ಉಣಿಸುತ್ತ ಕೂತೆ.

ಇಪ್ಪತ್ತು ದಿನಕ್ಕೂ ಹೆಚ್ಚು ಗಿರಣಿ ಬಂದ್ ಇತ್ತು. ಮದುವೆ ಮನೆಯವರು ಅರ್ಧ ಬೀಸಿದ ಬೇಳೆ ತೆಗೆದುಕೊಂಡು ಬೇರೆ ಗಿರಣಿಗೆ ಹೋದರು. ಗಿರಣಿಯವರ ಮನೆಯಲ್ಲೇ ಹಿಟ್ಟಿಲ್ಲದೆ ನಾನು ನೆರೆಮನೆಯ ಬೀಸುವ ಕಲ್ಲಿನ ಮುಂದೆ ಕೂತೆ. ಅಲ್ಲಿಯೂ ಅದೇ ಭುಜ. ನಮಗೆ ಖಾಯಂ ಬರುತ್ತಿದ್ದ ಕೆಲವರು ಆಮೇಲೂ ತಿರುಗಿ ಬರಲಿಲ್ಲ.

ಎಂಜಿನ್ ರಿಪೇರಿಯಾಗಿ ಬಂದ ಮೇಲೆ ನಲವತ್ತರ ಎಣ್ಣೆಯನ್ನು ಯಜಮಾನರೇ ಹಾಕಿದರು. ಬೇಸಿಗೆಯಲ್ಲಿ, ಮಳೆಗಾಲದಲ್ಲಿ ತೊಂದರೆ ಆಗಲಿಲ್ಲ. ಮುಂದಿನ ಥಂಡಿ ಬಂದಾಗ ಮತ್ತೆ ಇಪ್ಪತ್ತು ಹಾಕೋಣವೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಒಂದು ಮುಂಜಾನೆ ಅವರೇ ಬೇಗ ಎದ್ದು ಎಂಜಿನ್ನಿನ ಎಣ್ಣೆಯನ್ನು ಹಳೆಯ ಬೋಗುಣಿಗೆ ಬಸಿದುಕೊಂಡು ಒಲೆಯ ಹತ್ತಿರ ಬಂದರು.

"ಮಿಸ್ತ್ರಿ ಹೇಳ್ಯಾನ. ಕಾಯಿಸಿ ಹಾಕಿದ್ರ ಹಗುರಾಗ್ತದಂತ. ಉರಿ ಮ್ಯಾಲ ಬ್ಯಾಡ, ಕೆಂಡದ ಮ್ಯಾಲ ಇಡು."

ಹಾಗೆ ನಾವು ಐದಾರು ಚಳಿಗಾಲ ಕಳೆದೆವು. ಚಹಾಕ್ಕಿಂತ ಮೊದಲು ಎಂಜಿನ್ನಿನ ಎಣ್ಣೆ ಕಾಯಬೇಕು. ಬೆಚ್ಚಗಾದ ಎಣ್ಣೆ ಬೋಗುಣಿಯಲ್ಲಿ ತುಳುಕಾಡುವಷ್ಟು ತೆಳ್ಳಗಾದಾಗ ಅವರು ಬಟ್ಟೆಯಿಂದ ಹಿಡಿದು ಒಯ್ದು ಹೊಯ್ಯುತ್ತಿದ್ದರು. ಆರುವುದರೊಳಗೆ ತಿರುಗಿಸಬೇಕು. ನಾನು ಎರಡೂ ಕೈಯಿಂದ ಹ್ಯಾಂಡಲ್ ಹಿಡಿಯುತ್ತಿದ್ದೆ, ಅವರು ಎಡಗೈಯಿಂದ ಕೀಲು ನೋಡಿಕೊಳ್ಳುತ್ತಿದ್ದರು. "ಈಗ," ಎಂದು ನಾನು ಹೇಳಿದಾಗ ಬಿಡುತ್ತಿದ್ದರು. ಎಂಜಿನ್ ಹೊತ್ತಿಕೊಳ್ಳುತ್ತಿತ್ತು. ಆದರೆ ಕೋಣೆಯೆಲ್ಲ ಆ ಎಣ್ಣೆಯ ವಾಸನೆ. ರೊಟ್ಟಿಗೂ ಅದೇ ವಾಸನೆ, ಸೀರೆಗೂ ಅದೇ. ಶಾಲೆಯಲ್ಲಿ ಮಕ್ಕಳು ತನ್ನ ಪಕ್ಕ ಕೂರುವುದಿಲ್ಲ ಎಂದು ಮಗಳು ಒಮ್ಮೆ ಹೇಳಿದಳು. ನಾನು ಅವಳ ಅಂಗಿಯನ್ನು ಇನ್ನೊಮ್ಮೆ ಸಾಬೂನು ಹಚ್ಚಿ ಒಗೆದೆ. ಒಂದು ದಿನವಾದರೂ ಎದ್ದವಳೇ ಸುಮ್ಮನೆ ಕೂರಬೇಕು ಎಂದು ಎಷ್ಟು ಸಲ ಅನ್ನಿಸಿತ್ತು.

ದಶಕ ಮುಗಿಯುವ ಹೊತ್ತಿಗೆ ಹುಮನಾಬಾದಿನ ಅದೇ ಅಂಗಡಿಗೆ ಇಬ್ಬರೂ ಹೋಗಿದ್ದೆವು. ಮುದುಕರು ಒಂದು ಪ್ಲಾಸ್ಟಿಕ್ ಕ್ಯಾನು ಮುಂದಿಟ್ಟರು. ಅದರ ಮೇಲೆ ಎರಡು ಅಂಕಿ: ಇಪ್ಪತ್ತು, ಅದರ ಮಗ್ಗುಲಿಗೆ ಡಬ್ಲ್ಯೂ, ಆಮೇಲೆ ನಲವತ್ತು.

ಯಜಮಾನರು ಕ್ಯಾನು ಎತ್ತಿ ನೋಡಿದರು. "ಡಬ್ಲ್ಯೂ ಅಂದ್ರ ವಾಟರ್ ಏನ್ರಿ? ನೀರು ಕೂಡ್ಸ್ಯಾರೇನು?"

ಮುದುಕರು ಕೆಮ್ಮು ಬರುವಷ್ಟು ನಕ್ಕರು. "ಅಲ್ರಿ. ಇಂಗ್ಲಿಷಿನಾಗ ಥಂಡಿ ದಿನದ ಹೆಸರು ಆ ಅಕ್ಷರಲೆ ಸುರುವಾಗ್ತದ. ಥಂಡ್ಯಾಗ ಇದು ಇಪ್ಪತ್ತರಂಗ ಹರೀತದ. ಎಂಜಿನ್ ಗರಮ್ ಆದಾಗ ನಲವತ್ತರಂಗ ನಿಂದರ್ತದ."

"ಬಿಸಿ ಆದ್ರ ಗಾಢಾ ಆಗ್ತದೇನು? ಅದು ಹ್ಯಾಂಗ?"

ನನಗೂ ಅದೇ ಅನುಮಾನ ಬಂದಿತ್ತು. ಬಿಸಿಗೆ ಗಟ್ಟಿಯಾಗುವ ಎಣ್ಣೆಯನ್ನು ನಾನು ಯಾವ ಅಡುಗೆಮನೆಯಲ್ಲೂ ಕಂಡಿರಲಿಲ್ಲ.

"ಗಾಢಾ ಆಗೂದಿಲ್ಲ. ಇದೂ ತೆಳ್ಳಗೇ ಆಗ್ತದ," ಎಂದರು ಮುದುಕರು. "ಬ್ಯಾರೆ ಎಣ್ಣಿ ಆದಷ್ಟು ಆಗೂದಿಲ್ಲ, ಅಷ್ಟೇ ಫರಕ್. ಏನೋ ಮಸಾಲಿ ಕೂಡಸ್ತಾರ. ಥಂಡಿ, ಬಿಸಲು ಎರಡಕ್ಕೂ ಒಂದೇ ಎಣ್ಣಿ. ನಿಮ್ಮ ಮನಿಯವರಿಗೆ ಕೇಳ್ರಿ, ಅವರಿಗಿ ತಿಳೀತದ."

ತಿಳಿದಿತ್ತು. ಅಂಗಡಿಯಲ್ಲಿ ನಿಂತಲ್ಲೇ ನನಗೆ ಕೋಪವೂ ಬಂತು. ಇಂಥದೊಂದು ಎಣ್ಣೆ ಆ ಮೊದಲ ಪುಷ್ಯದಲ್ಲೂ ಎಲ್ಲೋ ಇದ್ದಿರಬಹುದು, ನಮ್ಮ ತನಕ ಬಂದಿರಲಿಲ್ಲ. ಆ ಮಣಿಕಟ್ಟು, ಆ ಬೇರಿಂಗು, ಕೆಂಡದ ಮೇಲೆ ಕಾಯಿಸಿದ ಅಷ್ಟೂ ಬೋಗುಣಿ ಎಣ್ಣೆ. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಕ್ಯಾನು ಹೊತ್ತುಕೊಂಡು ಬಸ್ಸು ಹತ್ತಿದೆ.

ಆ ಥಂಡಿಯಲ್ಲಿ ಒಲೆಯ ಮೇಲೆ ಬರೀ ಚಹಾ ಕಾಯಿತು. ಚಕ್ರ ಹಗುರಾಗಿ ತಿರುಗಿತು. ಆದರೆ ನನ್ನ ಭುಜ ಅಷ್ಟರಲ್ಲಿ ತನ್ನದೇ ದಾರಿ ಹಿಡಿದಿತ್ತು. ಕೈ ತಲೆಯ ಮೇಲೆ ಏಳುತ್ತಿರಲಿಲ್ಲ, ಹೆರಳು ಮಗಳೇ ಹಾಕಬೇಕಿತ್ತು. ಎಣ್ಣೆ ಸರಿಹೋದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದು ನಾನು ಯಾಕೆ ತಿಳಿದಿದ್ದೆನೋ.

ಎರಡು ಸಾವಿರದ ಈಚೆಗೆ ನಮ್ಮ ರಸ್ತೆಗೆ ಕರೆಂಟು ಸ್ವಲ್ಪ ನಂಬುವ ಹಾಗಾಯಿತು. ಯಜಮಾನರು ಮೋಟಾರು ಹಾಕಿಸಿದರು. ಗುಂಡಿ ಒತ್ತಿದರೆ ಕಲ್ಲು ತಿರುಗುತ್ತಿತ್ತು. ಎಂಜಿನ್ ಒಂದೆರಡು ವರ್ಷ ಮೂಲೆಯಲ್ಲಿ ಗೋಣಿ ಹೊದ್ದು ನಿಂತಿತ್ತು. ಕಡೆಗೆ ಮುಡಬಿಯ ರೈತರೊಬ್ಬರು ಬಾವಿಯ ನೀರೆತ್ತಲು ಬೇಕೆಂದು ಬಂದರು. ಸುತ್ತಲೂ ನೋಡಿ, ಚಕ್ರ ಅಲುಗಾಡಿಸಿ, ಯಜಮಾನರನ್ನು ಕೇಳಿದರು:

"ಎಣ್ಣಿ ಯಾವುದು ಹಾಕ್ತಿದ್ರಿ?"

"ಅಕಿನ್ನ ಕೇಳ್ರಿ," ಎಂದರು ಯಜಮಾನರು.

ನಾನು ಹೇಳಿದೆ. ಎರಡು ಅಂಕಿಯ ಎಣ್ಣೆ ಸಿಗದಿದ್ದರೆ ಥಂಡಿಗೆ ಯಾವುದು, ಬಿಸಿಲಿಗೆ ಯಾವುದು ಎಂದೂ ಹೇಳಿದೆ. ಚಕ್ರಕ್ಕೆ ಓಟ ಬರುವ ತನಕ ಕೀಲು ಬಿಡಬೇಡಿ ಎಂದು ಎರಡು ಸಲ ಹೇಳಿದೆ. ಅವರು ತಲೆಯಾಡಿಸಿದರು. ಎಷ್ಟು ಕೇಳಿಸಿಕೊಂಡರೋ ಗೊತ್ತಿಲ್ಲ. ನಾಲ್ಕು ಜನ ಹಲಗೆ ಕೊಟ್ಟು ಎಂಜಿನ್ನನ್ನು ಟ್ರ್ಯಾಕ್ಟರಿನ ಟ್ರಾಲಿಗೆ ಏರಿಸಿದರು. ಅದು ನಿಂತಿದ್ದ ಕಡೆ ನೆಲದಲ್ಲಿ ಎಣ್ಣೆ ಕುಡಿದು ಕಪ್ಪಾದ ಒಂದು ಚೌಕ ಉಳಿಯಿತು.

ಟ್ರ್ಯಾಕ್ಟರು ಹೋದ ಮೇಲೆ ಇಬ್ಬರೂ ಉಂಡೆವು. ಆವತ್ತು ಕರೆಂಟಿರಲಿಲ್ಲ. ಗಿರಣಿಯ ಬಾಗಿಲು ಮುಂದಕ್ಕೆಳೆದು ಮುಚ್ಚಿ ನೆಲದ ಮೇಲೆ ಚಾಪೆ ಹಾಸಿ ಮಲಗಿದೆವು. ಹಗಲು ಹೊತ್ತು ಹಾಗೆ ಮಲಗಿದ್ದು ಮದುವೆಯಾದ ಮೇಲೆ ಅದೇ ಮೊದಲೇನೋ. ಯಾರೋ ಬಂದು ಪುಟ್ಟಿ ಇಳಿಸಿದ ಸದ್ದಾಯಿತು. ಬಾಗಿಲು ಬಡಿದರು, ಕರೆದರು. ಯಜಮಾನರು ಕಣ್ಣು ಬಿಟ್ಟು ನನ್ನ ಕಡೆ ನೋಡಿದರು.

"ಏಳಬ್ಯಾಡ," ಎಂದರು.

ನಾನು ಏಳಲಿಲ್ಲ.